ಸಮಸಂಖ್ಯೆಯ ಮಳೆ

ಮಹಾಂತಮ್ಮ ಕೂಸಿನ ಹಾಲನ್ನು ಮೂರು ಸಲ ಕುದಿಸುತ್ತಿದ್ದಳು. ಮೊದಲನೆಯದು ಹಾಲು ಹಾಕುವವನ ಮೇಲಿನ ಅನುಮಾನಕ್ಕೆ, ಎರಡನೆಯದು ಪಾತ್ರೆಯ ಮೇಲಿನ ಅನುಮಾನಕ್ಕೆ. ಮೂರನೆಯದು, ಹಿಂದಿನ ಎರಡು ಸಲ ನಿಜಕ್ಕೂ ಕುದಿಯಿತೋ ಅಥವಾ ತಾನೇ ಹಾಗೆ ಅಂದುಕೊಂಡೆನೋ ಎಂಬ ಅನುಮಾನಕ್ಕೆ. ರಾಯಚೂರಿನ ಮನೆಯಲ್ಲಿ ಅವಳ ತಾಯಿ ಅನ್ನಮ್ಮ ಇದನ್ನು ನೋಡಿ ನೋಡಿ ಸಾಕಾಗಿದ್ದಳು.

“ಇನ್ನೊಂದು ಸರ್ತಿ ಕುದಿಸಿದ್ರ ಖೋವಾ ಆಗ್ತದ ಬೇ. ಎಂಟು ತಿಂಗಳ ಕೂಸಿಗಿ ಪೇಡಾ ತಿನಸ್ತಿಯೇನು?”

“ನಿನಗೇನು ಗೊತ್ತು ಯವ್ವಾ, ಓಣ್ಯಾಗ ನಾಕು ಮಕ್ಕಳಿಗಿ ಭೇದಿ ಹತ್ಯಾದ.”

“ನಿನ್ನನ್ನೂ ಇದೇ ಓಣ್ಯಾಗ ಬೆಳಸೀನಿ. ಸತ್ತಿಯೇನು?”

ಅನುಮಾನ ಮಹಾಂತಮ್ಮನಿಗೆ ಮದುವೆಯಾಗಿ ಕೂಸು ಹುಟ್ಟಿದ ಮೇಲೆ ಬಂದದ್ದಲ್ಲ, ಕೂಸು ಹುಟ್ಟಿ ಅದಕ್ಕೊಂದು ಕೆಲಸ ಸಿಕ್ಕಿತು ಅಷ್ಟೆ. ರಾಯಚೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಓದುವಾಗಲೇ ಅವಳು ನಕಾಶೆಯ ಮೇಲೆ ಸ್ಕೇಲಿಟ್ಟು ಮಾನ್ವಿಯ ದೂರ ಅಳೆದು, ರಸ್ತೆಯ ಮೈಲಿಗಲ್ಲಿಗೆ ಅದು ಹೊಂದುತ್ತಿಲ್ಲ, ಎರಡರಲ್ಲಿ ಯಾವುದು ಸುಳ್ಳು ಎಂದು ಮಾಸ್ತರರನ್ನು ಕೇಳಿ ಬೆಂಚಿನ ಮೇಲೆ ನಿಂತವಳು. ಮಾಸ್ತರರು ರಸ್ತೆ ಡೊಂಕಾಗಿ ಹೋಗುತ್ತದೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅದಕ್ಕೇ ಅವಳು ಭೂಗೋಳ ಹಿಡಿದಳು, ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿದಳು, ಅದೂ ಸಾಲದೆ ಪಿಎಚ್‌.ಡಿ.ಗೆ ಹೆಸರು ಹಚ್ಚಿದಳು. ನಡುವೆ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಮ್ಯಾನೇಜರನಾಗಿದ್ದ ವಿರೂಪಣ್ಣನ ಜೊತೆ ಮದುವೆಯಾಯಿತು. ಅವನು ಶನಿವಾರ ಸಂಜೆಯ ಬಸ್ಸಿಗೆ ರಾಯಚೂರಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದ. ಅವನು ತರುತ್ತಿದ್ದ ಅಕ್ಕಿಯನ್ನೂ ಅವಳು ಎರಡು ಸಲ ಆರಿಸುತ್ತಿದ್ದಳು.

ಅವಳ ಸಂಶೋಧನೆಯ ವಿಷಯ, ಕೃಷ್ಣಾ ತುಂಗಭದ್ರೆಗಳ ನಡುವಿನ ಸೀಮೆಯಲ್ಲಿ ಮಳೆ ಬದಲಾಗುತ್ತಿದೆಯೇ ಎಂಬುದು. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆಯ ಮಳೆ ರಿಜಿಸ್ಟರುಗಳನ್ನು ಅರವತ್ತೊಂದನೇ ಇಸವಿಯಿಂದ ಹಿಡಿದು ದಿನದಿನದ ಲೆಕ್ಕದಲ್ಲಿ ಕೈಯಿಂದ ನಕಲು ಮಾಡಿಕೊಂಡಿದ್ದಳು. ರಾಯಚೂರು ಮಾನ್ವಿಗಳಲ್ಲಿ ಮಳೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ದೇವದುರ್ಗದಲ್ಲಿ ಮಾತ್ರ ಎಪ್ಪತ್ತೈದನೇ ಇಸವಿಯಿಂದ ಈಚೆಗೆ, ಪಕ್ಕದ ಊರುಗಳಿಗೆ ಹೋಲಿಸಿದರೆ, ಪ್ರತಿ ವರ್ಷ ಸುಮಾರು ಆರನೇ ಒಂದು ಪಾಲು ಕಡಿಮೆ.

ಧಾರವಾಡದ ಗೈಡ್ ಸರ್ ಆ ಗ್ರಾಫನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದರು. “ದೇವದುರ್ಗ ಒಣಗಾಕತ್ತದ, ಮಹಾಂತಮ್ಮ. ಇದನ್ನ ಬಿಡಬ್ಯಾಡ.” ಅವರೇ ಆ ಅಧ್ಯಾಯವನ್ನು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಪರಿಸರದ ಕೆಲಸಕ್ಕೆಂದು ಸರಕಾರ ಹೊಸದಾಗಿ ತೆರೆದಿದ್ದ ಕಚೇರಿಯಲ್ಲಿ ಒಬ್ಬ ಸಂಶೋಧನಾ ಅಧಿಕಾರಿ ಬೇಕಾಗಿತ್ತು. ಮಳೆ, ಮರ, ನೀರು ಹೇಗೆ ಉಳಿಯಬೇಕೆಂದು ಸರಕಾರಕ್ಕೆ ಬರೆದು ಕೊಡುವ ಕೆಲಸ. ಎಂಬತ್ನಾಲ್ಕರ ಅಕ್ಟೋಬರ್ ಹತ್ತಕ್ಕೆ ಸಂದರ್ಶನವೆಂದು ಕಾಗದ ಬಂತು. ನಿಮ್ಮ ದೇವದುರ್ಗದ ಅಧ್ಯಾಯ ಓದಿ ಕರೆಯುತ್ತಿದ್ದೇವೆ ಎಂದು ಅದರಲ್ಲೇ ಬರೆದಿತ್ತು. ಆ ಆರನೇ ಒಂದು ಪಾಲೇ ಅವಳ ನೌಕರಿ. ಅದಿಲ್ಲದಿದ್ದರೆ ಅವಳು ರಾಯಚೂರಿನ ಓಣಿಯಲ್ಲಿ ಹಾಲು ಕುದಿಸುವ ಇನ್ನೊಬ್ಬ ಎಂ.ಎ. ಆದ ಹೆಂಗಸು.

ಆಗಸ್ಟ್ ಕೊನೆಯಲ್ಲಿ ಅವಳು ದೇವದುರ್ಗದ ಅಂಕಿಗಳನ್ನು ಮೂರನೇ ಸಲ ತಾಳೆ ನೋಡುತ್ತ ಕೂತಿದ್ದಳು. ಕೂಸು ತೊಡೆಯ ಮೇಲಿತ್ತು. ಅದು ಕಾಗದ ಎಳೆಯದಿರಲೆಂದು ಅವಳು ಅಂಕಿಗಳನ್ನು ಹಾಡಿನ ಹಾಗೆ ಜೋರಾಗಿ ಓದುತ್ತಿದ್ದಳು. ಹನ್ನೆರಡು, ಎಂಟು, ನಾಲ್ಕು, ಇಪ್ಪತ್ತೆರಡು, ಆರು, ಹದಿನಾಲ್ಕು. ಹಾಡು ತಾನಾಗಿ ನಿಂತಿತು. ಅವಳು ಹಾಳೆ ತಿರುವಿದಳು. ಹತ್ತು, ಎರಡು, ಹದಿನೆಂಟು. ಒಂದೂ ಬೆಸ ಸಂಖ್ಯೆ ಇಲ್ಲ. ದಶಾಂಶವಿಲ್ಲ. ಹಿಂದಕ್ಕೆ ಹೋದಳು. ಎಪ್ಪತ್ತೈದರ ಜುಲೈಗಿಂತ ಮುಂಚೆ ಏಳು ಪಾಯಿಂಟ್ ಮೂರು, ಹನ್ನೊಂದು ಪಾಯಿಂಟ್ ಆರು, ಸೊನ್ನೆ ಪಾಯಿಂಟ್ ಒಂಬತ್ತು, ಹೀಗೆ ಮಳೆ ತನಗೆ ತಿಳಿದ ಹಾಗೆ ಬಿದ್ದಿತ್ತು. ಆಮೇಲೆ ಒಂಬತ್ತು ವರ್ಷ ದೇವದುರ್ಗದಲ್ಲಿ ಮಳೆ ಎರಡೆರಡು ಮಿಲಿಮೀಟರಿನ ಹೆಜ್ಜೆಯಲ್ಲಿ ಬೀಳುತ್ತಿತ್ತು.

ಯಾರೋ ಅಳೆಯದೆ ಕುರ್ಚಿಯ ಮೇಲೆ ಕೂತು ಬರೆದಿದ್ದಾರೆ ಎಂದು ಅವಳಿಗೆ ಆ ಕ್ಷಣವೇ ಅನಿಸಿತು.

ಶನಿವಾರ ಬಂದ ವಿರೂಪಣ್ಣನಿಗೆ ಹೇಳಿದಳು. ಅವನು ಕೂಸನ್ನು ಎತ್ತಿ ಆಡಿಸುತ್ತ ಕೇಳಿದ.

“ಬೆಂಗಳೂರಾಗ ಯಾರರ ಇದನ್ನ ನೋಡ್ಯಾರೇನು?”

“ಇಲ್ಲ.”

“ನಿಮ್ಮ ಸರ್?”

“ಇಲ್ಲ.”

“ಮತ್ತ ನೀ ಸುಮ್ಮನಿದ್ರ ಯಾರಿಗಿ ಗೊತ್ತಾಗ್ತದ?”

“ನನಗ ಗೊತ್ತಾಗ್ಯಾದಲ್ಲ.”

“ನೀ ಅನ್ನದಾಗೂ ಕಲ್ಲು ಹುಡುಕಾಕಿ ಬಿಡು.”

“ನಿಮ್ಮ ಮಿಲ್ಲಿನ ಅಕ್ಕಿ ತಿನ್ನೋರು ಹುಡುಕಲೇ ಬೇಕಾಗ್ತದ್ರಿ.”

ದೇವದುರ್ಗದ ಮಳೆ ಅಳೆಯುತ್ತಿದ್ದುದು ಊರ ಹೊರಗಿನ ಒಂದು ಸರಕಾರಿ ಬೀಜದ ಫಾರಂನಲ್ಲಿ. ಬೇಲಿ ಹಾಕಿದ ಸಣ್ಣ ಕಟ್ಟೆಯ ಮೇಲೆ ಮಳೆ ಡಬ್ಬಿ. ಮೇಲೆ ಹಿತ್ತಾಳೆಯ ಆಲಿಕೆ, ಒಳಗೆ ನೀರು ಕೂಡುವ ಒಂದು ಸೀಸೆ. ದಿನಾ ಬೆಳಿಗ್ಗೆ ಎಂಟೂವರೆಗೆ ಆ ನೀರನ್ನು ಗೆರೆ ಕೊರೆದ ಅಳತೆಗಾಜಿಗೆ ಸುರಿದು, ಎಷ್ಟು ಮಿಲಿಮೀಟರು ಎಂದು ಬರೆಯಬೇಕು. ಮಹಾಂತಮ್ಮ ಸೆಪ್ಟೆಂಬರ್ ಮೊದಲ ವಾರ ಅಲ್ಲಿಗೆ ಹೋದಳು. ಗುಮಾಸ್ತ ಉರುಕುಂದಪ್ಪ ಅವಳಿಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ, ಗಾಜು ಮಾತ್ರ ತೋರಿಸಲಿಲ್ಲ.

“ಗಾಜು ಕಪಾಟಿನ್ಯಾಗ ಅದರಿ ಅಕ್ಕಾರ.”

“ಕಪಾಟು ತೆಗೀರಿ.”

“ಕೀಲಿ ಸಾಹೇಬ್ರ ಹತ್ರ.”

“ಸಾಹೇಬ್ರು?”

“ರಜಾದ ಮ್ಯಾಲ.” ಅವನು ನಕ್ಕ. “ಮಳಿ ಮ್ಯಾಲೂ ಪಿಎಚ್‌.ಡಿ. ಮಾಡ್ತಾರಂತ ಈಗ ಗೊತ್ತಾತ್ರಿ. ಬಿಸಿಲಿನ ಮ್ಯಾಲ ಮಾಡ್ರಿ, ರಾಯಚೂರಾಗ ಸಾಕಷ್ಟು ಅದ.”

ಬಾಗಿಲಲ್ಲಿ ರಾತ್ರಿ ಕಾವಲುಗಾರ ಅಲ್ಲಾಬಕ್ಷ್ ನಿಂತಿದ್ದ. ರಿಜಿಸ್ಟರಿನ ಪ್ರತಿ ಸಾಲಿನ ಮುಂದೆ ಇದ್ದದ್ದು ಅವನ ಸಹಿ. ಆತ ಅವಳ ಮುಖ ನೋಡಲಿಲ್ಲ, ಹೆಗಲ ಮೇಲಿನ ಟವೆಲಿನ ದಾರ ಒಂದೊಂದೇ ಕೀಳುತ್ತಿದ್ದ. ದಿನಾ ನೀವೇ ಅಳೀತೀರೇನು ಎಂದು ಅವಳು ಕೇಳಿದಾಗ “ಹೌದ್ರಿ, ಹೌದ್ರಿ” ಎಂದು ಎರಡು ಸಲ ಹೇಳಿದ. ಒಂದೇ ಸಲ ಹೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ.

ಮುಂದಿನ ಸಲ ಹೇಳದೆ ಬರಬೇಕು, ಅದೂ ಮಳೆಯ ಮರುದಿನವೇ ಬರಬೇಕು ಎಂದು ನಿಶ್ಚಯಿಸಿಕೊಂಡು ಅವಳು ಮನೆಗೆ ಬಂದಳು.

ಎರಡನೇ ವಾರದ ಒಂದು ಸಂಜೆ ರಾಯಚೂರಿನಲ್ಲಿ ಮಳೆ ಹಿಡಿಯಿತು. ದೇವದುರ್ಗದ ಕಡೆ ಇನ್ನೂ ಕಪ್ಪಾಗಿತ್ತು. ಅಂದು ಅನ್ನಮ್ಮ ಕಲ್ಲೂರಿಗೆ ಒಂದು ಮದುವೆಗೆ ಹೋಗಿದ್ದಳು, ಕೂಸನ್ನು ಬಿಡಲು ಯಾರೂ ಇರಲಿಲ್ಲ. ಪಕ್ಕದ ಮನೆಯವರು ಬಿಡು ನಾವು ನೋಡಿಕೊಳ್ತೀವಿ ಎಂದರು. ಅವರ ಮನೆಯ ನೀರಿನ ಹಂಡೆಗೆ ಮುಚ್ಚಳವಿಲ್ಲದ್ದನ್ನು ಮಹಾಂತಮ್ಮ ನೋಡಿದ್ದಳು. ಆದ್ದರಿಂದ ಮರುದಿನ ಬೆಳಗಿನ ಮೊದಲ ಬಸ್ಸಿಗೆ ಕೂಸನ್ನು ಕಟ್ಟಿಕೊಂಡೇ ಹೊರಟಳು. ಚೀಲದಲ್ಲಿ ಕುದಿಸಿದ ಹಾಲಿನ ಫ್ಲಾಸ್ಕು, ಒಂದು ಬಿದ್ದು ಕೆಟ್ಟರೆ ಎಂದು ಎರಡು ಹಾಲಿನ ಬಾಟ್ಲಿ.

ಎಂಟೂಕಾಲಿಗೆ ಫಾರಂನ ಗೇಟು ದಾಟಿದಾಗ ಮಳೆ ಡಬ್ಬಿಯ ಬಳಿ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತಿದ್ದಳು. ಆಲಿಕೆ ತೆಗೆದು ಪಕ್ಕಕ್ಕಿಟ್ಟು, ಬಿಸ್ಮಿಲ್ಲಾ ಎಂದು ಒಳಗಿನ ಸೀಸೆ ಎತ್ತಿದಳು. ಸೆರಗಿನಡಿಯಿಂದ ಇನ್ನೊಂದನ್ನು ಹೊರತೆಗೆದು ಅದಕ್ಕೆ ಮಳೆ ನೀರನ್ನು ಹನಿ ಚೆಲ್ಲದಂತೆ ಸುರಿದಳು. ಕಣ್ಣಿನ ಮಟ್ಟಕ್ಕೆ ಹಿಡಿದಳು. ಮಹಾಂತಮ್ಮನಿಗೆ ಅದು ಏನೆಂದು ಎರಡನೇ ಸಲ ನೋಡಬೇಕಾಗಲಿಲ್ಲ. ಎಂಟು ತಿಂಗಳಿಂದ ದಿನಕ್ಕೆ ಆರು ಸಲ ತೊಳೆಯುತ್ತಿದ್ದ ವಸ್ತು ಅದು. ಕೂಸಿಗೆ ಹಾಲು ಕುಡಿಸುವ ಗಾಜಿನ ಬಾಟ್ಲಿ. ಹಳೆಯದು, ರಬ್ಬರಿನ ತೊಟ್ಟಿಲ್ಲದ್ದು.

“ಇದೇನ್ರಿ ಇದು?”

ಹೆಂಗಸು ಬೆಚ್ಚಿದಳು, ಬಾಟ್ಲಿ ಬೆಚ್ಚಲಿಲ್ಲ. ಅದನ್ನು ಅಲುಗಿಸದೆ ಹಿಡಿದೇ ತಿರುಗಿದಳು. ಅಲ್ಲಾಬಕ್ಷನ ಹೆಂಡತಿ ಮುನವ್ವರ್ ಬೀ ಅವಳು.

“ನೀ ಯಾರವ್ವಾ? ಆಡಿಟ್ ಏನು?”

“ಅಲ್ಲ. ಮಳಿ ಬಗ್ಗೆ ಓದಾಕತ್ತೀನಿ. ಹ್ವಾದ ವಾರ ಬಂದಿದ್ದೆ.”

“ಹಾಂ, ಆಕಿ.” ಮುನವ್ವರ್ ಬೀ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ ಕೂಸಿನ ಮೇಲೆ ಕಣ್ಣು ನಿಲ್ಲಿಸಿದಳು. “ಕೂಸು ಯಾರದು?”

“ನನ್ನದು.”

“ನಿಂದೇ ಏನು? ಈಗೀಗ ಪೊಲೀಸ್ನೋರು ಕೂಡ ಏನೇನೋ ವೇಷ ಹಾಕ್ತಾರಂತ.”

“ನಿಮ್ಮ ಯಜಮಾನ್ರು ತಾವೇ ಅಳೀತೀನಿ ಅಂದ್ರಲ್ಲ?”

“ರಾತ್ರಿಯೆಲ್ಲಾ ಕಾವಲು ಮಾಡಿದ ಮನಷ್ಯಾ ಎಂಟೂವರೆಗೆ ಕಣ್ಣು ತೆರೀತಾನೇನು? ನಾ ಅಳೀತೀನಿ, ಅವರು ಎದ್ದು ಬರೀತಾರ. ಒಂಬತ್ತ್ ವರ್ಷದಾಗ ಒಂದು ದಿನ ತಪ್ಪಿಲ್ಲ. ಹಬ್ಬದ ದಿನಾನೂ ಅಳದೀನಿ, ನಮ್ಮವ್ವ ಸತ್ತ ದಿನಾನೂ ಅಳದು ಹೋಗೀನಿ.”

“ಗಾಜು ಎಲ್ಲಿ?”

ಮುನವ್ವರ್ ಬೀ ಗೆರೆ ಎಣಿಸಿ, ನೀರು ಚೆಲ್ಲಿ, ಆಲಿಕೆಯನ್ನು ಮತ್ತೆ ಡಬ್ಬಿಯ ಮೇಲೆ ಕೂರಿಸಿದಳು. ಕೂಸು ಅಳಲು ಶುರುಮಾಡಿತು. ಮಹಾಂತಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತು ಫ್ಲಾಸ್ಕಿನಿಂದ ಹಾಲು ಬಗ್ಗಿಸಿ, ಮೊಣಕೈ ಹತ್ತಿರ ಒಂದು ಹನಿ ಬಿಟ್ಟು ಬಿಸಿ ನೋಡಿದಳು, ಮತ್ತೊಮ್ಮೆ ನೋಡಿದಳು. ಅದನ್ನು ನೋಡುತ್ತ ನಿಂತ ಮುನವ್ವರ್ ಬೀಗೆ ಈಕೆ ಪೊಲೀಸಲ್ಲ ಎಂದು ಅಷ್ಟರಮಟ್ಟಿಗೆ ನಂಬಿಕೆ ಬಂದಿರಬೇಕು. ಕೂತಳು.

ಗಾಜು ಒಡೆದದ್ದು ಎಪ್ಪತ್ತೈದರ ಜುಲೈಯಲ್ಲಿ. ಎಮರ್ಜೆನ್ಸಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಹತ್ತು ನಿಮಿಷ ತಡವಾಗಿ ಬಂದವರನ್ನು ಮನೆಗೆ ಕಳಿಸುತ್ತಾರೆ ಎಂಬ ಸುದ್ದಿ ದಿನಕ್ಕೊಂದು. ಅಲ್ಲಾಬಕ್ಷನ ಕೈಯಿಂದ ಸರಕಾರಿ ಗಾಜು ಕಲ್ಲಿನ ಮೇಲೆ ಬಿತ್ತು. ಹೇಳುವ ಧೈರ್ಯ ಅವನಿಗಿರಲಿಲ್ಲ, ಮೇಲೆ ಬರೆಯುವ ಧೈರ್ಯ ಉರುಕುಂದಪ್ಪನಿಗಿರಲಿಲ್ಲ. ಮರುದಿನ ಮಳೆ ಬಂತು. ಮಳೆಗೆ ಎಮರ್ಜೆನ್ಸಿ ಇರಲಿಲ್ಲ, ಅಂಕಿ ಬರೆಯಲೇಬೇಕು. ಆಗ ಅವರ ಕೊನೆಯ ಮಗಳು ಹಸೀನಾ ಬಾಟ್ಲಿ ಹಾಲಿನ ಕೂಸು.

“ಬಾಟ್ಲಿ ಮ್ಯಾಲ ಗೆರಿ ಇದ್ವು. ಗಾಜಿನ್ಯಾಗ ಎರಡು ಅಂದ್ರ ಇಷ್ಟು ನೀರು ಇರ್ತಿತ್ತು ಅಂತ ನಮ್ಮವರು ಅಂದಾಜು ಹೇಳಿದ್ರು. ಒಂದು ಗೆರಿಗಿ ಎರಡು. ಅವತ್ತಿಂದ ಇವತ್ತಿನತನ ಅದೇ. ನಾ ಒಂದು ಹನಿ ಸುಳ್ಳು ಹೇಳಿಲ್ಲ ನೋಡವ್ವಾ.”

ಮಹಾಂತಮ್ಮ ಕಣ್ಣು ಮುಚ್ಚಿದಳು. ಯಾರೂ ಕುರ್ಚಿಯ ಮೇಲೆ ಕೂತು ಬರೆದಿರಲಿಲ್ಲ. ಅದಾಗಿದ್ದರೆ ಆ ಅಂಕಿಗಳನ್ನು ಬಿಸಾಕಿ ಕೈ ತೊಳೆದುಕೊಳ್ಳಬಹುದಿತ್ತು. ಇಲ್ಲಿ ಒಂಬತ್ತು ವರ್ಷದ ಮಳೆ ಒಂದೇ ನಿಯತ್ತಿನಲ್ಲಿ ಅಳತೆಯಾಗಿ ಕೂತಿತ್ತು, ಗೆರೆ ಮಾತ್ರ ಬೇರೆ. ಒಂದು ಗೆರೆ ನಿಜವಾಗಿ ಎಷ್ಟು ಎಂದು ತಿಳಿದರೆ ಸಾಕು. ತಿಳಿಯದಿದ್ದರೂ ಸಾಕು, ಅಕ್ಟೋಬರ್ ಹತ್ತರ ಸಂದರ್ಶನದವರೆಗೆ.

“ಈ ಬಾಟ್ಲಿ ನನಗ ಕೊಡ್ರಿ. ಮಾನ್ವ್ಯಾಗ ಖರೇ ಗಾಜು ಅದ, ಅದನ್ನ ಹೊರಗ ಕೊಡಂಗಿಲ್ಲ. ಅಲ್ಲೇ ಅಳದು ನೋಡಿ ವಾಪಸ್ ತರ್ತೀನಿ.”

“ನಕ್ಕೋ ಅಮ್ಮಾ, ಕೊಡಂಗಿಲ್ಲ!” ಬಾಟ್ಲಿ ಸೆರಗಿನೊಳಗೆ ಹೋಯಿತು. “ಇವತ್ತು ಬಾಟ್ಲಿ ಒಯ್ತಿ, ನಾಳಿ ಕೇಸ್ ತರ್ತಿ. ಅವರ ನೌಕರಿ ಇನ್ನಾ ನಾಕು ವರ್ಷ ಅದ.”

“ಹೆಸರು ಬರಿಯಂಗಿಲ್ಲ. ಅಳತಿ ಬದಲಾಗಿತ್ತು ಅಂತ ಅಷ್ಟೇ ಬರೀತೀನಿ.”

“ಬರಿಯೋರೆಲ್ಲಾ ಮೊದಲು ಹಿಂಗೇ ಅಂತಾರ.” ಮುನವ್ವರ್ ಬೀ ಅವಳ ಚೀಲದ ಕಡೆ ಗದ್ದ ಎತ್ತಿದಳು. “ನಿನ್ನ ಹತ್ರ ಎರಡು ಬಾಟ್ಲಿ ಅವ. ಒಂದು ಇಟ್ಟು ಹೋಗು. ನಂದು ಬಂದ ಮ್ಯಾಲ ನಿಂದು ಒಯ್ಯಿ.”

ಮಹಾಂತಮ್ಮ ಯೋಚಿಸಿದಳು. ಇಲ್ಲಿ ಇದನ್ನು ಯಾವ ನೀರಿನಲ್ಲಿ ತೊಳೆಯುತ್ತಾರೋ, ಇಲಿ ಓಡಾಡುತ್ತದೋ ಏನೋ. ಆದರೂ ಕೊಟ್ಟಳು. ಮುನವ್ವರ್ ಬೀ ಅದನ್ನು ತಿರುಗಿಸಿ, ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. ಮಹಾಂತಮ್ಮನೂ ಅವಳ ಬಾಟ್ಲಿಯನ್ನು ಹಾಗೆಯೇ ನೋಡಿದಳು. ಇಬ್ಬರ ಮುಖದ ಮೇಲೂ ನಗೆ ಇರಲಿಲ್ಲ.

ಮಾನ್ವಿಯಲ್ಲಿ ಅಳೆಯುವುದು ಹತ್ತು ನಿಮಿಷದ ಕೆಲಸವಾಗಿತ್ತು. ಅವಳು ಒಂದು ಗಂಟೆ ಮಾಡಿದಳು. ವಿರೂಪಣ್ಣ ಗಿರಣಿಯಿಂದ ಬಂದು ಕೂಸನ್ನು ಹಿಡಿದು ನಿಂತಿದ್ದ. ಆರು ಗೆರೆ ನೀರು ಬಾಟ್ಲಿಯಿಂದ ಗಾಜಿಗೆ. ಹನ್ನೆರಡಲ್ಲ. ಹದಿನಾಲ್ಕು ಮತ್ತು ಚೂರು. ಮತ್ತೆ. ಹದಿನಾಲ್ಕು ಮತ್ತು ಚೂರು. ಹದಿನಾಲ್ಕು ಬಿದ್ದ ಮಳೆಯನ್ನು ಒಂಬತ್ತು ವರ್ಷ ಹನ್ನೆರಡೆಂದು ಬರೆಯಲಾಗಿತ್ತು. ಕಳೆದುಹೋದ ಆರನೇ ಒಂದು ಪಾಲು ಅವಳ ಕೈಯಲ್ಲೇ ಇತ್ತು, ತೊಟ್ಟಿಲ್ಲದ ಬಾಟ್ಲಿಯಲ್ಲಿ. ದೇವದುರ್ಗ ಒಣಗಿರಲಿಲ್ಲ.

“ಏನಾತು?” ಎಂದ ವಿರೂಪಣ್ಣ.

“ನೌಕರಿ ಹ್ವಾತು.”

ಅವನು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, “ಇನ್ನೊಮ್ಮಿ ಅಳದು ನೋಡು” ಎಂದ. ಮದುವೆಯಾದ ಮೇಲೆ ಅವನು ಆ ಮಾತನ್ನು ಅವಳಿಗೆ ಹೇಳಿದ್ದು ಅದೊಂದೇ ಸಲ.

ಒಂದು ವಾರ ಬಿಟ್ಟು ಅವಳು ಬಾಟ್ಲಿ ವಾಪಸು ಕೊಡಲು ದೇವದುರ್ಗಕ್ಕೆ ಹೋದಳು. ನಡುವೆ ಎರಡು ದಿನ ಜೋರು ಮಳೆಯಾಗಿತ್ತು. ರಿಜಿಸ್ಟರು ನೋಡಿದರೆ ಮಾನ್ವಿಯಲ್ಲಿ ನಲವತ್ತು ಬಿದ್ದ ದಿನ ಇಲ್ಲಿ ಇಪ್ಪತ್ತು.

“ಆ ವಾರ ಯಾತರಾಗ ಅಳದ್ರಿ?”

“ನಿನ್ನ ಬಾಟ್ಲ್ಯಾಗ,” ಎಂದಳು ಮುನವ್ವರ್ ಬೀ. “ನಂದು ನೀನೇ ಒಯ್ದಿದ್ದಿ. ಮಳಿ ನಿಲ್ಲಂಗಿಲ್ಲಲ್ಲ. ಒಂದು ಗೆರಿಗಿ ಎರಡು.”

ಮಹಾಂತಮ್ಮನ ಬಾಟ್ಲಿ ಹೊಸ ನಮೂನೆಯದು, ಗೆರೆಗಳು ದೂರದೂರ. ಒಂದು ಗೆರೆಗೆ ಹಳೆಯದರ ಹತ್ತಿರ ಹತ್ತಿರ ಎರಡರಷ್ಟು ನೀರು. ಅವಳಿಗೆ ಸಿಟ್ಟು ಬರಬೇಕಿತ್ತು. ಕೂಸು ಹುಟ್ಟಿದ ಮೇಲೆ ಮೊದಲ ಬಾರಿಗೆ ಎಂಬಂತೆ ನಗು ಬಂತು. ಮುನವ್ವರ್ ಬೀ ನಗಲಿಲ್ಲ, ಈಕೆ ನಕ್ಕದ್ದರಲ್ಲಿ ಏನಿದೆಯೋ ಎಂದು ನೋಡುತ್ತಿದ್ದಳು. ಆ ಒಂದು ವಾರಕ್ಕೆ ಪ್ರಬಂಧದಲ್ಲಿ ಬೇರೆಯೇ ಒಂದು ಅಡಿಟಿಪ್ಪಣಿ ಬಂತು.

ಗೈಡ್ ಸರ್‌ಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು.

“ಇಂಟರ್‌ವ್ಯೂ ಮುಗಿದ ಮ್ಯಾಲ ಅಳೀಬಹುದಿತ್ತಲ್ಲ.”

“ಹೌದ್ರಿ ಸರ್. ಅದನ್ನೇ ನಾನೂ ವಿಚಾರ ಮಾಡಿದ್ದೆ. ಅದಕ್ಕೇ ಲಗೂ ಅಳದುಬಿಟ್ಟೆ.” ಎಲ್ಲರಿಗಿಂತ ಹೆಚ್ಚು ಅನುಮಾನ ಅವಳಿಗೆ ತನ್ನ ಮೇಲೇ ಇತ್ತು.

ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಮೂವರು ಕೂತಿದ್ದರು. ಅವಳು ತಾನಾಗಿ ಹೇಳಿದಳು, ಹೆಸರಿಲ್ಲದೆ. ಗಾಜು ಬದಲಾಗಿತ್ತು, ತಿದ್ದಿದ ಮೇಲೆ ಮಳೆ ಎಲ್ಲಿತ್ತೋ ಅಲ್ಲೇ ಇದೆ.

“ಹಾಗಾದರೆ ನಿಮ್ಮ ಅಧ್ಯಾಯದಲ್ಲಿ ಉಳಿದದ್ದೇನಮ್ಮ?” ಎಂದರು ನಡುವೆ ಕೂತವರು.

“ಉಳಿದ ಊರಿನ ಗಾಜು ಯಾರಾದರೂ ನೋಡಿದಾರಾ ಸರ್?”

ಅವರು ಏನೋ ಬರೆದುಕೊಂಡರು. ನೌಕರಿ ಬೇರೊಬ್ಬರಿಗೆ ಹೋಯಿತು. ಆತ ತನ್ನ ಜಿಲ್ಲೆ ಒಣಗುತ್ತಿದೆ ಎಂದು ತೋರಿಸಿದ್ದನಂತೆ. ಆತನ ರಿಜಿಸ್ಟರು ಯಾರು ಬರೆದದ್ದೋ ಎಂದು ಮಹಾಂತಮ್ಮ ಬಹಳ ದಿನ ಯೋಚಿಸಿದಳು.

ಪಿಎಚ್‌.ಡಿ. ಎಂಬತ್ತಾರರಲ್ಲಿ ಮುಗಿಯಿತು. ಅದೇ ವರ್ಷ ಅದೇ ಕಚೇರಿಯಿಂದ ಎರಡು ಸಾಲಿನ ಕಾಗದ ಬಂತು. ಬರಪೀಡಿತ ತಾಲೂಕುಗಳ ಪಟ್ಟಿ ಮಾಡುವ ಮುಂಚೆ ಮಳೆ ಡಬ್ಬಿಗಳನ್ನೂ ರಿಜಿಸ್ಟರುಗಳನ್ನೂ ಪರೀಕ್ಷಿಸಲು ಆರು ತಿಂಗಳ ಮಟ್ಟಿಗೆ ಒಬ್ಬರು ಬೇಕು. ಆರು ತಿಂಗಳು ಮತ್ತೆ ಆರಾಯಿತು, ಆಮೇಲೆ ಯಾರೂ ಲೆಕ್ಕ ಇಡಲಿಲ್ಲ. ಅವಳು ಎಲ್ಲಿಗೂ ಹೇಳಿ ಹೋಗುತ್ತಿರಲಿಲ್ಲ. ಮಳೆಯ ಮರುದಿನವೇ ಹೋಗುತ್ತಿದ್ದಳು, ಚೀಲದಲ್ಲಿ ಬಟ್ಟೆ ಸುತ್ತಿದ ಅಳತೆಗಾಜು. ಕೆಲವು ಕಡೆ ಡಬ್ಬಿಯ ಮೇಲೆ ಮರದ ಟೊಂಗೆ ಬೆಳೆದಿರುತ್ತಿತ್ತು, ಒಂದು ಕಡೆ ಒಳಗಿನ ಸೀಸೆಯಲ್ಲಿ ಸೀಮೆಎಣ್ಣೆ ಇತ್ತು.

ಎಂಬತ್ತೇಳರ ಸೆಪ್ಟೆಂಬರಿನಲ್ಲಿ ದೇವದುರ್ಗದ ಸರದಿ. ಧಾರವಾಡದಲ್ಲಿ ಹೆಚ್ಚಿಗೆ ಬಿದ್ದಿದ್ದ ಒಂದು ಗಾಜನ್ನು ಅವಳೇ ಬಾಟ್ಲಿಯ ಸಂಗತಿ ತಿಳಿದ ಕಾಲಕ್ಕೆ ತಂದುಕೊಟ್ಟಿದ್ದಳು. ಉರುಕುಂದಪ್ಪ ಅದನ್ನು ಕಪಾಟಿನಲ್ಲಿಟ್ಟು, ಮೊದಲಿಂದಲೂ ಇದ್ದದ್ದೇ ಎನ್ನುವ ಮುಖ ಮಾಡಿದ್ದ. ಯಾರ ನೌಕರಿಯೂ ಹೋಗಿರಲಿಲ್ಲ. ಅವಳು ಗೇಟಿನೊಳಗೆ ಬಂದಾಗ ಎಂಟೂವರೆ. ಮುನವ್ವರ್ ಬೀ ಕಟ್ಟೆಯ ಬಳಿ ಕುಕ್ಕರಗಾಲಲ್ಲಿ ಕೂತು, ಮಳೆ ನೀರನ್ನು ಗಾಜಿಗೆ ಸುರಿದು ನೋಡಿದಳು. ಆಮೇಲೆ ಸೆರಗಿನಡಿಯಿಂದ ಹಳೆಯ ಬಾಟ್ಲಿ ತೆಗೆದು ಅದೇ ನೀರನ್ನು ಅದಕ್ಕೂ ಸುರಿದಳು.

“ಗಾಜು ಕೊಟ್ಟೀನಲ್ಲ, ಬಾಟ್ಲಿ ಯಾಕ ಇನ್ನಾ?” ಎಂದಳು ಮಹಾಂತಮ್ಮ.

ಈ ಸಲ ಮುನವ್ವರ್ ಬೀ ಬೆಚ್ಚಲಿಲ್ಲ. “ಗಾಜು ನಿಂದು. ನೀ ಕೊಟ್ಟಿದ್ದು ಖರೇ ಅದ ಅಂತ ನನಗ ಯಾರು ಹೇಳಬೇಕು? ದಿನಾ ಎರಡರಾಗೂ ನೋಡ್ತೀನಿ.” ಬಾಟ್ಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದಳು. “ನಾಕು ಗೆರಿ. ನಿನ್ನ ಗಾಜು ಒಂಬತ್ತೂವರಿ ಅಂತದ. ಇಲ್ಲೀತನ ಸುಳ್ಳು ಹೇಳಿಲ್ಲ. ಮುಂದ ಗೊತ್ತಿಲ್ಲ.”

ಮಹಾಂತಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು, ಆರು ಗೆರೆಗೆ ಹದಿನಾಲ್ಕು ಮತ್ತು ಚೂರು ಆದರೆ ನಾಲ್ಕು ಗೆರೆಗೆ ಒಂಬತ್ತೂವರೆ. ಸರಿಯಾಗಿತ್ತು. ಚೀಲದ ಬಟ್ಟೆ ಬಿಚ್ಚಿ ತನ್ನ ಗಾಜನ್ನು ಹೊರತೆಗೆದು, ಬಾಟ್ಲಿಗಾಗಿ ಕೈಚಾಚಿದಳು.

“ಮೂರನೇ ಸರ್ತಿ ಕಾಯ್ಕು, ಯಾಕ?” ಎಂದಳು ಮುನವ್ವರ್ ಬೀ. ಆದರೂ ಕೊಟ್ಟಳು, ಹನಿ ಚೆಲ್ಲದಂತೆ ಎರಡೂ ಕೈಯಲ್ಲಿ.